ಮೇಜಿನ ಮೇಲಿನ ಐಸ್‌ಕ್ರೀಂ ಮೆಷಿನ್: ಯಾವ ಆರ್ಡರಿಗೆ ಹೌದು, ಯಾವುದಕ್ಕೆ ಬೇಡ



ವಡಾಲ, ಮಾಟುಂಗ, ಸಯನ್ ಕಡೆಯ ಸೊಸೈಟಿಗಳಲ್ಲಿ ಈಗ ಸಣ್ಣ ಕಾರ್ಯಕ್ರಮಗಳು ಹೆಚ್ಚು. ಸೀಮಂತ, ನಾಮಕರಣ, ಸತ್ಯನಾರಾಯಣ ಪೂಜೆ, ಅಜ್ಜನ ಎಂಬತ್ತರ ಶಾಂತಿ, ಹೀಗೆ ಮೂವತ್ತು ನಲವತ್ತು ಎಲೆಯ ಆರ್ಡರುಗಳು. ಹಾಲ್ ಮಾಡಿ ಐನೂರು ಜನರನ್ನು ಕರೆಯುವವರು ಕರೆಯುತ್ತಾರೆ, ಆದರೆ ನಮ್ಮಂಥ ಸಣ್ಣ ಹೋಟೆಲಿನವರ ಗಲ್ಲಾ ತುಂಬುವುದು ಈ ಸಣ್ಣ ಕೆಲಸಗಳಿಂದಲೇ. ಈ ಮನೆಯವರು ಕೊನೆಗೆ ಕೇಳುವ ಪ್ರಶ್ನೆ ಒಂದೇ: "ಐಸ್‌ಕ್ರೀಂ ಪೇಟೆಯದ್ದು ಬೇಡ, ನೀವೇ ಮಾಡಿ ಕೊಡ್ತೀರಾ?" ಅದಕ್ಕೆ ಅನೇಕ ಸದಸ್ಯರು ಅಂಗಡಿಯಲ್ಲಿ ಸಿಗುವ ಮನೆಬಳಕೆಯ ಸಣ್ಣ ಮೆಷಿನ್ ತಂದಿಟ್ಟಿದ್ದಾರೆ, ಕೆಲವರು ತರುವ ಯೋಚನೆಯಲ್ಲಿದ್ದಾರೆ. ನಮ್ಮ ಅಡುಗೆಮನೆಯಲ್ಲಿಯೂ ಒಂದು ಇದೆ. ಅದರ ಕೆಲಸ ಹೇಗೆ, ಅದರ ಮಿತಿ ಎಷ್ಟು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮಿತಿಯನ್ನೇ ಮೊದಲು ಹೇಳಿಬಿಡುತ್ತೇವೆ. ಸಯನ್ ಕಡೆಯ ಒಬ್ಬ ಕ್ಯಾಟರರ್ ನೂರ ಇಪ್ಪತ್ತು ಜನರ ನಿಶ್ಚಿತಾರ್ಥಕ್ಕೆ ಈ ಮೆಷಿನಿನ ಧೈರ್ಯದ ಮೇಲೆ ಸೀತಾಫಲ ಐಸ್‌ಕ್ರೀಂ ಒಪ್ಪಿಕೊಂಡಿದ್ದರು. ಬೆಳಿಗ್ಗೆ ಆರಕ್ಕೆ ಶುರು ಮಾಡಿದ ಮೆಷಿನ್ ಮಧ್ಯಾಹ್ನ ಬಿಸಿಯಾಗಿ ನಿಂತಿತು. ರಾತ್ರಿ ಎಂಟು ಗಂಟೆಗೆ ಟೆಂಪೋ ಓಡಿಸಿ ಅಂಗಡಿಯಿಂದ ಡಬ್ಬಿ ತಂದು ಬಡಿಸಿದರು. ಹುಡುಗಿಯ ತಂದೆ ಹಣ ಕೊಟ್ಟರು, ಆದರೆ ಮದುವೆಯ ಆರ್ಡರ್ ಬೇರೆಯವರಿಗೆ ಹೋಯಿತು. ಒಂದು ಐಸ್‌ಕ್ರೀಮಿನಿಂದ ಊಟವೆಲ್ಲ ಕೆಟ್ಟ ಹೆಸರು ತೆಗೆದುಕೊಂಡಿತು. ಊಟದಲ್ಲಿ ಮೊದಲ ತುತ್ತು ಮತ್ತು ಕೊನೆಯ ತುತ್ತು ಮಾತ್ರ ಜನರ ನೆನಪಿನಲ್ಲಿ ಉಳಿಯುತ್ತದೆ.

ಮೆಷಿನಿನಲ್ಲಿ ಎರಡು ಜಾತಿ. ಒಂದರಲ್ಲಿ ಎರಡು ಗೋಡೆಯ ಬೌಲ್ ಇರುತ್ತದೆ, ಗೋಡೆಗಳ ನಡುವೆ ತಂಪು ಹಿಡಿಯುವ ದ್ರವ ತುಂಬಿರುತ್ತದೆ. ಆ ಬೌಲನ್ನು ಡೀಪ್ ಫ್ರೀಜರಿನಲ್ಲಿ ಹದಿನಾರರಿಂದ ಇಪ್ಪತ್ನಾಲ್ಕು ಗಂಟೆ ಇಡಬೇಕು. ಅಲುಗಾಡಿಸಿದರೆ ಒಳಗೆ ಗುಳುಗುಳು ಶಬ್ದ ಬರಬಾರದು, ಆಗ ಅದು ತಯಾರು. ಒಂದು ಸಲ ತಿರುಗಿಸಿದ ಮೇಲೆ ಮತ್ತೆ ಮಾರನೇ ದಿನವೇ. ಬೆಲೆ ಕಡಿಮೆ, ಕೆಟ್ಟುಹೋಗಲು ಹೆಚ್ಚೇನೂ ಇಲ್ಲ, ಆದರೆ ದಿನಕ್ಕೆ ಹದಿನೈದು ಜನರ ಮಾಲು ಮಾತ್ರ. ಮೇ ತಿಂಗಳ ಮುಂಬಯಿ ಸೆಕೆಯಲ್ಲಿ, ಪಕ್ಕದಲ್ಲಿ ಇಡ್ಲಿ ಸ್ಟೀಮರ್ ಉರಿಯುತ್ತಿದ್ದರೆ, ಆ ಬೌಲಿನ ತಂಪು ಇಪ್ಪತ್ತು ನಿಮಿಷವೂ ಬಾಳುವುದಿಲ್ಲ. ಇನ್ನೊಂದು ಜಾತಿಯಲ್ಲಿ ಫ್ರಿಜ್ಜಿನಂತೆ ಒಳಗೇ ಕಂಪ್ರೆಸರ್ ಇರುತ್ತದೆ. ಇದು ಭಾರ, ಬೆಲೆಯೂ ಹಲವು ಪಟ್ಟು. ಆದರೆ ಒಂದರ ಹಿಂದೆ ಒಂದು ಘಾಣ ತೆಗೆಯಬಹುದು. ಕ್ಯಾಟರಿಂಗಿಗೆ ಉಪಯೋಗ ಆಗುವುದಾದರೆ ಈ ಎರಡನೆಯದೇ.

ಈಗ ಲೆಕ್ಕ. ಒಂದೂವರೆ ಲೀಟರ್ ಎಂದು ಬರೆದಿದ್ದರೆ ಒಂದೂವರೆ ಲೀಟರ್ ಹಾಲು ಸುರಿಯಬಾರದು. ತಿರುಗುವಾಗ ಗಾಳಿ ಸೇರಿ ಉಬ್ಬುತ್ತದೆ, ಆದ್ದರಿಂದ ಒಂದು ಸಲಕ್ಕೆ 850ರಿಂದ 950 ಗ್ರಾಂ. ತಲೆಗೆ 60 ಗ್ರಾಮಿನ ಒಂದು ಸ್ಕೂಪ್ ಹಿಡಿದರೆ 40 ಜನರಿಗೆ 2 ಕಿಲೋ 400 ಗ್ರಾಂ. ಮಕ್ಕಳು ಎರಡನೇ ಸಲ ಬರುತ್ತಾರೆ, ಮನೆಯವರು ನೆರೆಮನೆಗೆ ಕಳಿಸುತ್ತಾರೆ, ಆದ್ದರಿಂದ ಮೂರು ಕಿಲೋ ಮೇಲೆಯೇ ಬೇಕು. ಅಂದರೆ ನಾಲ್ಕು ಘಾಣ. ಪ್ರತಿ ಘಾಣಕ್ಕೆ ನಲವತ್ತೈದು ನಿಮಿಷ, ತೆಗೆದು ತೊಳೆದು ಮತ್ತೆ ಹಾಕಲು ಹದಿನೈದು ನಿಮಿಷ. ನಾಲ್ಕು ಗಂಟೆಯ ಕೆಲಸ, ಅದೂ ಹಿಂದಿನ ದಿನವೇ ಮುಗಿಯಬೇಕು. ಇಲ್ಲಿಯವರೆಗೆ ವಾಂದಾ ಇಲ್ಲ. ನೂರು ಜನ ಎಂದರೆ ಎಂಟು ಕಿಲೋ, ಒಂಬತ್ತು ಹತ್ತು ಘಾಣ, ಹತ್ತು ಗಂಟೆ ಸತತ ಓಟ. ಅಂಥ ಓಟಕ್ಕೆ ಈ ಮೆಷಿನ್ ಮಾಡಿದ್ದಲ್ಲ. ಅನೇಕ ವಾರಂಟಿ ಕಾರ್ಡಿನಲ್ಲಿ ಮನೆಬಳಕೆಗೆ ಮಾತ್ರ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ, ಕೊಳ್ಳುವ ಮೊದಲು ಕನ್ನಡಕ ಹಾಕಿಕೊಂಡು ಓದಿರಿ. ನಮ್ಮ ಹೋಟೆಲಿನಲ್ಲಿ ನಲವತ್ತು ಜನರ ಮೇಲಿನ ಆರ್ಡರಿಗೆ ನಾವು ಇದನ್ನು ಮುಟ್ಟುವುದಿಲ್ಲ.

ಇನ್ನು ಮೆಷಿನ್ ಮಾಡುವ ಕೆಲಸವೇನು ಎಂಬುದನ್ನು ನಮ್ಮ ಹುಡುಗರಿಗೂ ತಿಳಿಸಿಕೊಡಬೇಕು, ತಿಳಿಯದಿದ್ದರೆ ಬಟನ್ ಒತ್ತಿ ಹೊರಟುಹೋಗುತ್ತಾರೆ. ಹಾಲಿನಲ್ಲಿರುವ ನೀರು ಬರ್ಫ ಆಗುವಾಗ ಹರಳು ಕಟ್ಟುತ್ತದೆ. ನಿಧಾನವಾಗಿ ಗಟ್ಟಿಯಾದರೆ ದೊಡ್ಡ ಹರಳು, ಬಾಯಲ್ಲಿ ಕರಕರ. ಬೇಗ ಗಟ್ಟಿಯಾದರೆ ನಾಲಿಗೆಗೆ ಗೊತ್ತಾಗದಷ್ಟು ಸಣ್ಣ ಹರಳು, ಬೆಣ್ಣೆಯಂತೆ. ಸಕ್ಕರೆ ಸೇರಿದ ಹಾಲು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ, ಮೈನಸ್ ಎರಡೂವರೆ ಮೂರರ ಹತ್ತಿರ ಶುರುವಾಗುತ್ತದೆ. ಮೊದಲು ಗೋಡೆಗೆ ತೆಳ್ಳಗೆ ಹಿಡಿಯುತ್ತದೆ. ಒಳಗಿನ ರೆಕ್ಕೆ ಅದನ್ನು ಕೆರೆದು ನಡುವಿಗೆ ತರುತ್ತದೆ, ಜೊತೆಗೆ ಗಾಳಿಯನ್ನೂ ಬೆರೆಸುತ್ತದೆ. ಮೈನಸ್ ಐದು ಆರಕ್ಕೆ ಬಂದಾಗ ಮೆತ್ತಗಿನ ಶ್ರೀಖಂಡದ ಹದ. ಮೆಷಿನಿನ ಕೆಲಸ ಅಲ್ಲಿಗೆ ಮುಗಿಯಿತು. ಕಲ್ಲಿನ ಹಾಗೆ ಆಗಲಿ ಎಂದು ಇನ್ನೂ ತಿರುಗಿಸುತ್ತ ಇಟ್ಟರೆ ಕೆನೆ ಕಡೆದು ಬೆಣ್ಣೆ ಕಾಳು ಬೀಳುತ್ತದೆ, ಮೋಟರಿಗೂ ಪೆಟ್ಟು. ಮುಂದಿನ ಗಟ್ಟಿತನ ಡೀಪ್ ಫ್ರೀಜರಿನ ಕೆಲಸ.

ಇದು ಹೊಸ ವಿದ್ಯೆಯೇನಲ್ಲ. ಮರದ ಬಾಲ್ದಿಯ ನಡುವೆ ಡಬ್ಬಿ ಇಟ್ಟು ಕೈಯಿಂದ ತಿರುಗಿಸುವ ಸಂಚಾ ನಮ್ಮ ಹಿರಿಯ ಭಟ್ಟರಿಗೆ ಗೊತ್ತು. ಕೈಯಿಂದ ತಿರುಗಿಸುವ ಇಂಥ ಯಂತ್ರಕ್ಕೆ ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಹೆಂಗಸು 1843ರಲ್ಲಿ ಪೇಟೆಂಟ್ ಪಡೆದರು. ಮುಂಬಯಿಯ ಪಾರ್ಸಿ ಮನೆಗಳಲ್ಲಿ ಸಂಚಾ ಐಸ್‌ಕ್ರೀಂ ಹಬ್ಬದ ತಿಂಡಿ. ನಮ್ಮ ಫೈವ್ ಗಾರ್ಡನ್ಸ್ ಪಕ್ಕದ ಪಾರ್ಸಿ ಕಾಲೊನಿಯ ಹಳೆಯ ಗಿರಾಕಿಗಳು ಇವತ್ತಿಗೂ ಅದರ ರುಚಿ ಹೇಳಿಯೇ ನಮ್ಮ ಐಸ್‌ಕ್ರೀಮನ್ನು ಅಳೆಯುತ್ತಾರೆ. ಅದರಲ್ಲಿ ತಂಪು ಬರುವುದು ಬರ್ಫ ಮತ್ತು ಕಲ್ಲುಪ್ಪಿನಿಂದ. ಮೂರು ಪಾಲು ಬರ್ಫಕ್ಕೆ ಒಂದು ಪಾಲು ಉಪ್ಪು ತೂಕದಲ್ಲಿ ಹಾಕಿದರೆ ಮೈನಸ್ ಹದಿನೆಂಟರಿಂದ ಇಪ್ಪತ್ತರ ತನಕ ಇಳಿಯುತ್ತದೆ. ಉಪ್ಪಿನ ಆಗರಕ್ಕೆ ಹೆಸರಾದ ವಡಾಲದಲ್ಲಿ ಕೂತು ಈ ಮಾತು ಬರೆಯುವಾಗ ಸ್ವಲ್ಪ ಸಂತೋಷವೇ ಆಗುತ್ತದೆ. ಈ ಉಪ್ಪಿನ ಉಪಾಯ ಸಾಗಾಟದ ಹೊತ್ತಿಗೆ ಮತ್ತೆ ಬೇಕಾಗುತ್ತದೆ, ನೆನಪಿಡಿ.

ಈಗ ಪದಾರ್ಥ. ಆಹಾರ ಸುರಕ್ಷೆ ಕಾನೂನಿನ ಪ್ರಕಾರ ಐಸ್‌ಕ್ರೀಂ ಎಂದು ಕರೆಯಬೇಕಾದರೆ ಹಾಲಿನ ಕೊಬ್ಬು ಶೇಕಡಾ 10ಕ್ಕೆ ಕಡಿಮೆ ಇರಬಾರದು, ಒಟ್ಟು ಘನಾಂಶ ಶೇಕಡಾ 36ಕ್ಕೆ ಕಡಿಮೆ ಇರಬಾರದು. ಹಾಲಿನ ಕೊಬ್ಬಿನ ಬದಲು ವನಸ್ಪತಿ ಎಣ್ಣೆ ಹಾಕಿದ್ದು ಫ್ರೋಜನ್ ಡೆಸರ್ಟ್, ಐಸ್‌ಕ್ರೀಂ ಅಲ್ಲ. ಮನೆಯವರು "ನೀವೇ ಮಾಡಿದ್ದು" ಎಂದು ನಂಬಿ ಹೆಚ್ಚು ಹಣ ಕೊಡುವುದೇ ಇದಕ್ಕಾಗಿ. ಪೇಟೆಯ ವಿಪ್ಪಿಂಗ್ ಕ್ರೀಮಿನಲ್ಲಿ ಅನೇಕ ಪ್ಯಾಕೆಟ್ ವನಸ್ಪತಿ ಎಣ್ಣೆಯದ್ದೇ, ಹಿಂಬದಿಯ ಬರಹ ನೋಡದೆ ಹಾಕಬೇಡಿ. ಅದು ಚೆನ್ನಾಗಿ ಉಬ್ಬುತ್ತದೆ, ಹುಡುಗರಿಗೆ ಇಷ್ಟ, ಆದರೆ ತಿಂದ ಮೇಲೆ ಅಂಗಳಕ್ಕೆ ಮೇಣದ ಹಾಗೆ ಅಂಟುತ್ತದೆ.

ನಾವು ಮಾಡುವ ಅಳತೆ ಇದು. ಶೇಕಡಾ 6 ಕೊಬ್ಬಿನ ಫುಲ್ ಕ್ರೀಂ ಹಾಲು 1 ಲೀಟರ್, ಶೇಕಡಾ 25 ಕೊಬ್ಬಿನ ಫ್ರೆಶ್ ಕ್ರೀಂ 500 ಗ್ರಾಂ, ಸಕ್ಕರೆ 280 ಗ್ರಾಂ, ಕೆನೆ ತೆಗೆದ ಹಾಲಿನ ಪುಡಿ 60 ಗ್ರಾಂ, ಕಾರ್ನ್‌ಫ್ಲೋರ್ 10 ಗ್ರಾಂ, ಒಂದು ಚಿಟಿಕೆ ಉಪ್ಪು. ಹಾಲಿನ ಪುಡಿ ಎಂದರೆ ಹಾಲಿನ ಪುಡಿಯೇ, ಚಹಾಕ್ಕೆ ಹಾಕುವ ಡೇರಿ ವೈಟ್ನರ್ ಅಲ್ಲ, ಅದರಲ್ಲಿ ಸಕ್ಕರೆ ಸೇರಿರುತ್ತದೆ. ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಕುದಿಸಿ 150 ಗ್ರಾಂ ಇಳಿಸಬೇಕು. ಕಣ್ಣಂದಾಜು ಬೇಡ, ಪಾತ್ರೆ ಸಮೇತ ಕಾಟಾದ ಮೇಲಿಟ್ಟು ನೋಡಿ. ಬಾಸುಂದಿ ಮಾಡಿ ಕೈ ಪಳಗಿದ ಭಟ್ಟರಿಗೆ ಇದು ಹೇಳಬೇಕಾಗಿಲ್ಲ, ಆದರೆ ಅವರು ಸುವಾಸನೆ ಬರಲಿ ಎಂದು ಅರ್ಧಕ್ಕೆ ಇಳಿಸಿಬಿಡುತ್ತಾರೆ, ಆಗ ಅದು ಕುಲ್ಫಿಯ ದಾರಿ ಹಿಡಿಯುತ್ತದೆ. ಹೀಗೆ ಇಳಿಸಿದರೆ ಒಟ್ಟು 1730 ಗ್ರಾಂ ಮಿಶ್ರಣ, ಅದರಲ್ಲಿ ಕೊಬ್ಬು ಶೇಕಡಾ 10.8, ಘನಾಂಶ ಶೇಕಡಾ 38 ಬರುತ್ತದೆ. ಕಾನೂನಿಗೂ ಸರಿ, ನಾಲಿಗೆಗೂ ಸರಿ. ಸರಿಯಾಗಿ ಎರಡು ಘಾಣ.

ಇನ್ನೂ ದಪ್ಪ ಬರಲಿ ಎಂದು ಹಾಲಿನ ಪುಡಿಯನ್ನು ನೂರು ನೂರೈವತ್ತು ಗ್ರಾಂ ಸುರಿಯುವವರಿದ್ದಾರೆ. ಹಾಲಿನ ಸಕ್ಕರೆಯ ಅಂಶ ಮಿತಿ ಮೀರಿದರೆ ನಾಲ್ಕಾರು ದಿನದಲ್ಲಿ ಅದೇ ಹರಳು ಕಟ್ಟಿ ಐಸ್‌ಕ್ರೀಂ ಮರಳು ಮರಳಾಗುತ್ತದೆ. ಬರ್ಫದ ಹರಳು ಬಾಯಲ್ಲಿ ಕರಗುತ್ತದೆ, ಈ ಮರಳು ಕರಗುವುದಿಲ್ಲ. ವ್ಯತ್ಯಾಸ ಹೀಗೆ ಗುರುತಿಸಿ. ಸಕ್ಕರೆ ಕಡಿಮೆ ಮಾಡಿ ಎಂದು ಮನೆಯವರು ಹೇಳಿದರೆ ತುಸು ಇಳಿಸಬಹುದು, ಆದರೆ ಸಕ್ಕರೆ ಬರೀ ಸಿಹಿಗಲ್ಲ, ಐಸ್‌ಕ್ರೀಂ ಮೆತ್ತಗಿರುವುದೂ ಅದರಿಂದಲೇ. 200 ಗ್ರಾಮಿಗೆ ಇಳಿಸಿದರೆ ಸ್ಕೂಪ್ ಬಾಗುತ್ತದೆ, ಐಸ್‌ಕ್ರೀಂ ಬಾಗುವುದಿಲ್ಲ. ಜೆಲಾಟಿನ್ ಪುಡಿಯನ್ನು ಅಡುಗೆಮನೆಯ ಒಳಗೆ ತರಲೇಬೇಡಿ, ಅದು ಪ್ರಾಣಿಮೂಲದ್ದು. ಮಾಟುಂಗದ ಜೈನ ಗಿರಾಕಿ ಕೇಳುತ್ತಾರೆ, ನಮ್ಮ ರಾಮ ಮಂದಿರದ ಕಡೆಯ ಮನೆಯವರೂ ಕೇಳುತ್ತಾರೆ.

ಎಲ್ಲ ಬೆರೆಸಿ 80 ಡಿಗ್ರಿಗೆ ಕಾಯಿಸಿ, ಸೋಸಿ, ಪಾತ್ರೆಯನ್ನು ಬರ್ಫದ ನೀರಿನಲ್ಲಿ ಕೂಡಿಸಿ ಕೂಡಲೇ ತಣಿಸಬೇಕು. ಹೊರಗಿನ ಬರ್ಫದ ನೀರು ಒಂದು ಹನಿಯೂ ಒಳಗೆ ಬೀಳಬಾರದು, ಅದು ಕುಡಿಯುವ ನೀರಿನ ಬರ್ಫವೋ ಅಲ್ಲವೋ ಯಾರಿಗೆ ಗೊತ್ತು? ಬಿಸಿ ಪಾತ್ರೆಯನ್ನು ಹಾಗೇ ಪ್ಲಾಟ್‌ಫಾರ್ಮಿನ ಮೇಲೆ ಬಿಟ್ಟು ಹುಡುಗರು ಊಟಕ್ಕೆ ಹೋಗುವುದು ನಮ್ಮ ಹೋಟೆಲುಗಳ ಹಳೆಯ ರೋಗ. ಹಾಲಿನ ಪದಾರ್ಥ ಉಗುರು ಬೆಚ್ಚಗೆ ಕೂತಷ್ಟು ಹೊತ್ತು ಕ್ರಿಮಿಗೆ ಹಬ್ಬ. ಹೆಪ್ಪುಗಟ್ಟಿಸಿದರೆ ಕ್ರಿಮಿ ಸಾಯುತ್ತದೆ ಎಂಬ ನಂಬಿಕೆ ತಪ್ಪು, ಅದು ಸುಮ್ಮನೆ ಮಲಗುತ್ತದೆ, ಗಿರಾಕಿಯ ಹೊಟ್ಟೆಯಲ್ಲಿ ಏಳುತ್ತದೆ. ತಣಿದ ಮೇಲೆ ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ ಕನಿಷ್ಠ ನಾಲ್ಕು ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ಇರಲಿ. ಕೊಬ್ಬು ಗಟ್ಟಿಯಾಗಿ, ಹಾಲಿನ ಪುಡಿ ನೀರು ಹೀರಿ ಮಿಶ್ರಣ ದಪ್ಪವಾಗುತ್ತದೆ. ಈ ಒಂದು ರಾತ್ರಿ ಕಾದದ್ದಕ್ಕೂ ಕಾಯದ್ದಕ್ಕೂ ಇರುವ ವ್ಯತ್ಯಾಸ ನಾವು ಒಂದೇ ಹಾಲಿನಲ್ಲಿ ಎರಡು ಘಾಣ ಮಾಡಿ ನೋಡಿದ್ದೇವೆ. ನಮ್ಮ ಗಲ್ಲೆಯಲ್ಲಿ ಕೂರುವ ಹುಡುಗ ಕೂಡ ಒಂದು ಚಮಚದಲ್ಲಿ ಗುರುತಿಸಿದ. ತಣ್ಣಗಿಲ್ಲದ ಮಿಶ್ರಣವನ್ನು ಸಣ್ಣ ಮೆಷಿನಿಗೆ ಹಾಕಿದರೆ ಅದರ ಅರ್ಧ ಶಕ್ತಿ ತಣಿಸುವುದರಲ್ಲೇ ಮುಗಿದು ಹರಳು ದೊಡ್ಡದಾಗುತ್ತದೆ.

ಹಣ್ಣಿನ ವಿಷಯಕ್ಕೆ ಬಂದರೆ ನಮ್ಮ ಊರಿನವರೇ ಮುಂಬಯಿಗೆ ಪಾಠ ಹೇಳಿಕೊಟ್ಟಿದ್ದಾರೆ. ಮುಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತರು 1984ರಲ್ಲಿ ಜುಹುವಿನಲ್ಲಿ ನ್ಯಾಚುರಲ್ಸ್ ಶುರು ಮಾಡಿದಾಗ ಜೊತೆಗೆ ಪಾವ್‌ಭಾಜಿಯನ್ನೂ ಮಾರುತ್ತಿದ್ದರು. ಖಾರ ತಿಂದವನಿಗೆ ತಂಪು ಬೇಕಾಗುತ್ತದೆ ಎಂಬುದು ಹೋಟೆಲಿನವನ ಬುದ್ಧಿ. ಎಸೆನ್ಸ್ ಬಾಟ್ಲಿ ಬಿಟ್ಟು ಸೀತಾಫಲ, ಸೀಯಾಳ, ಹಲಸು ಎಂದು ಹಣ್ಣಿನ ಹಿಂದೆ ಹೋದರು, ಹಣ್ಣು ಬಿಡಿಸುವುದಕ್ಕೆ ಬೇಕಾದ ಯಂತ್ರಗಳನ್ನೂ ತಾವೇ ಮಾಡಿಸಿಕೊಂಡರು. 2024ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಅವರ ಅಂಗಡಿಯ ರುಚಿ ತಿಂದು ಬೆಳೆದ ಗಿರಾಕಿ ನಮ್ಮ ಮುಂದೆ ಬಂದು ಕೂರುತ್ತಾನೆ ಎಂಬುದನ್ನು ಮರೆತು ಹಳದಿ ಬಣ್ಣ ಕಲಸಿ ಮ್ಯಾಂಗೋ ಎಂದರೆ ನಡೆಯುವುದಿಲ್ಲ.

ಆದರೆ ಹಣ್ಣು ಎಂದರೆ ನೀರು. ಮೇಲಿನ ಅಳತೆಗೆ ಹಾಪುಸ್ ರಸ 400 ಗ್ರಾಂ ಹಾಗೇ ಸುರಿದರೆ ಕೊಬ್ಬು ಶೇಕಡಾ 9ಕ್ಕಿಂತ ಕೆಳಗೆ ಹೋಗುತ್ತದೆ, ಕರಕರವೂ ಶುರು. ಮಾವಿಗೆ ನಮ್ಮ ಲೆಕ್ಕ ಬೇರೆ: ಹಾಲು 750 ಮಿಲಿಲೀಟರ್, ಅದರಲ್ಲಿ 150 ಗ್ರಾಂ ಇಳಿಸುವುದು, ಕ್ರೀಂ 700 ಗ್ರಾಂ, ಸಕ್ಕರೆ 240 ಗ್ರಾಂ, ಪುಡಿ ಮತ್ತು ಕಾರ್ನ್‌ಫ್ಲೋರ್ ಅಷ್ಟೇ. 400 ಗ್ರಾಂ ರಸದಲ್ಲಿ 250 ಗ್ರಾಮನ್ನು ಸಣ್ಣ ಉರಿಯಲ್ಲಿ 150ಕ್ಕೆ ಇಳಿಸಿ, ಉಳಿದ 150 ಗ್ರಾಂ ಹಸಿಯಾಗಿಯೇ ತಣ್ಣಗೆ ಸೇರಿಸಬೇಕು. ಎಲ್ಲವನ್ನೂ ಕಾಯಿಸಿದರೆ ಹಾಪುಸ್ ಪರಿಮಳ ಅಡುಗೆಮನೆಗೆ ಹೋಗುತ್ತದೆ, ಬಟ್ಟಲಿಗೆ ಬರುವುದಿಲ್ಲ. ಸೀತಾಫಲವನ್ನು ಬಿಸಿಯೇ ಮಾಡಬಾರದು, ಕಹಿ ಬರುತ್ತದೆ. ಬೀಜ ಬಿಡಿಸಿದ ತಿರುಳನ್ನು ಕೊನೆಯ ಐದು ನಿಮಿಷದಲ್ಲಿ ಹಾಕಿ. ಅನಾನಸು ಇದಕ್ಕೆ ವಿರುದ್ಧ: ಹಸಿ ಅನಾನಸು ಹಾಲಿನ ಸಾರವನ್ನು ಒಡೆದು ಕಹಿ ಮಾಡುತ್ತದೆ, ಸಕ್ಕರೆಯಲ್ಲಿ ಬೇಯಿಸಿಯೇ ಹಾಕಬೇಕು. ಪಪ್ಪಾಯಿಗೂ ಅದೇ ಮಾತು. ಹಲಸಿನ ತೊಳೆಯನ್ನು ಹಾಗೇ ಹೆಚ್ಚಿ ಹಾಕಿದರೆ ಫ್ರೀಜರಿನಲ್ಲಿ ಬೆಣಚುಕಲ್ಲು, ಹಿರಿಯರ ಹಲ್ಲಿಗೆ ಅಪಾಯ. ಸಣ್ಣಗೆ ಹೆಚ್ಚಿ ಸಕ್ಕರೆ ಪಾಕದಲ್ಲಿ ಒಂದು ಕುದಿ ಕೊಟ್ಟು ರಾತ್ರಿ ನೆನೆಯಲು ಬಿಟ್ಟರೆ ಮೆತ್ತಗೆ ಉಳಿಯುತ್ತದೆ. ಸೀಯಾಳದ್ದು ಗಂಜಿ ಮಾತ್ರ ಹಾಕಿ, ನೀರು ನೀವೇ ಕುಡಿಯಿರಿ.

ಊರಿನವರ ಮನೆಯಾದರೆ ಗಡ್‌ಬಡ್ ಕೇಳುತ್ತಾರೆ. ಅದು ಉಡುಪಿಯ ಡಯಾನಾದಲ್ಲಿ ಹುಟ್ಟಿದ್ದೆಂದು ಉಡುಪಿಯವರು, ಮಂಗಳೂರಿನವರು 1975ರಲ್ಲಿ ಶುರುವಾದ ಐಡಿಯಲ್ ಹೆಸರು ಹೇಳುತ್ತಾರೆ. ಆ ಜಗಳ ನಮಗೆ ಬೇಡ. ಗಡ್‌ಬಡ್‌ಗೆ ಮೂರು ಬಗೆ ಐಸ್‌ಕ್ರೀಂ ಬೇಕು, ಅಂದರೆ ಸಣ್ಣ ಮೆಷಿನಿನಲ್ಲಿ ಮೂರು ದಿನದ ಕೆಲಸ. ಒಂದು ಬಗೆ ಮನೆಯದ್ದು, ಎರಡು ಪೇಟೆಯದ್ದು ಎಂದು ಮೊದಲೇ ಹೇಳಿ ಒಪ್ಪಿಕೊಳ್ಳುವುದು ಒಳ್ಳೆಯದು.

ಖರ್ಚಿನ ಬಗ್ಗೆ ಸ್ವಲ್ಪ. ಈಗಿನ ದರದಲ್ಲಿ ಮೊದಲ ಅಳತೆಗೆ ಹಾಲು, ಕ್ರೀಂ, ಸಕ್ಕರೆ, ಪುಡಿ ಸೇರಿ ನಮಗೆ 235 ರೂಪಾಯಿ ಆಸುಪಾಸು ಬೀಳುತ್ತದೆ, 28 ಸ್ಕೂಪ್ ಬರುತ್ತದೆ. ಸ್ಕೂಪಿಗೆ ಎಂಟೂವರೆ ರೂಪಾಯಿ ಎಂದು ಹಿಗ್ಗಬೇಡಿ. ಹಣ್ಣು ಬೇರೆ, ಕರೆಂಟು ಬೇರೆ, ಒಬ್ಬ ಹುಡುಗನ ಅರ್ಧ ದಿನದ ಪಗಾರ ಬೇರೆ, ಮೆಷಿನಿನ ಸವಕಳಿ ಬೇರೆ. ಮನೆಯವರು ಅಂಗಡಿಯ ಫ್ಯಾಮಿಲಿ ಪ್ಯಾಕಿನ ಜೊತೆ ಹೋಲಿಸುತ್ತಾರೆ. ಅದರಲ್ಲಿ ಅರ್ಧ ಗಾಳಿ ಇರಬಹುದು, ನಮ್ಮ ಸಣ್ಣ ಮೆಷಿನಿನಲ್ಲಿ ಕಾಲು ಭಾಗ ಸೇರಿದರೆ ಹೆಚ್ಚು. ಲೀಟರ್ ಲೆಕ್ಕ ಬಿಟ್ಟು ತೂಕದ ಲೆಕ್ಕ ತೋರಿಸಿ. ಎಲೆಯ ದರದಲ್ಲಿ ಸೇರಿಸದೆ ಐಸ್‌ಕ್ರೀಮಿಗೆ ಬೇರೆಯೇ ದರ ಹೇಳಿ, ಇಲ್ಲದಿದ್ದರೆ ಊಟದ ಲಾಭವನ್ನು ಇದು ತಿನ್ನುತ್ತದೆ.

ಈಚೆಗೆ ಮೆಷಿನನ್ನೇ ಪಾರ್ಟಿಯ ಜಾಗಕ್ಕೆ ಒಯ್ದು ಎಲ್ಲರೆದುರು ತಿರುಗಿಸುವ ಲೈವ್ ಕೌಂಟರಿನ ಹುಚ್ಚು ಬಂದಿದೆ. ನಮಗೆ ಇದು ಸರಿ ಕಾಣುವುದಿಲ್ಲ. ಒಂದು ಘಾಣಕ್ಕೆ ಮುಕ್ಕಾಲು ಗಂಟೆ, ಮೆಷಿನ್ ತಿರುಗುತ್ತಲೇ ಇರುತ್ತದೆ, ಅತಿಥಿಗಳು ವಡಾಲ ಸ್ಟೇಷನ್ ತಲುಪಿರುತ್ತಾರೆ. ಇನ್ನೊಂದು ಕಾರಣ ಕಂಪ್ರೆಸರ್. ಟೆಂಪೋದಲ್ಲಿ ಅಡ್ಡ ಮಲಗಿಸಿದರೆ ಅದರೊಳಗಿನ ಎಣ್ಣೆ ಪೈಪಿಗೆ ಹರಿಯುತ್ತದೆ, ಕೂಡಲೇ ಚಾಲೂ ಮಾಡಿದರೆ ಕಂಪ್ರೆಸರ್ ಸುಡಬಹುದು. ಹೊಸ ಮೆಷಿನ್ ಮನೆಗೆ ಬಂದಾಗಲೂ ನೆಟ್ಟಗೆ ಇಟ್ಟು ಒಂದು ದಿನ ಬಿಟ್ಟು ಚಾಲೂ ಮಾಡಿ. ಗೋಡೆಗೆ ಒತ್ತಿ ಇಡಬೇಡಿ, ಗಾಳಿ ಕಿಂಡಿಯ ಮುಂದೆ ಅರ್ಧ ಅಡಿ ಜಾಗ ಬೇಕು. ತವಾದ ಹತ್ತಿರವಂತೂ ಬೇಡವೇ ಬೇಡ, ಎಣ್ಣೆ ಹೊಗೆ ಜಾಲರಿಯಲ್ಲಿ ಕೂತು ಉಸಿರು ಕಟ್ಟಿಸುತ್ತದೆ.

ಮಾಲು ಒಯ್ಯುವ ಕ್ರಮ ಹೀಗೆ. ಮೆಷಿನಿನಿಂದ ತೆಗೆದದ್ದನ್ನು ಮೊದಲೇ ಫ್ರೀಜರಿನಲ್ಲಿಟ್ಟು ತಣ್ಣಗಾದ, ಅಗಲವಾದ, ಆಳವಿಲ್ಲದ ಸ್ಟೀಲ್ ಡಬ್ಬಿಗೆ ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ತಾಗಿಸಿ ಮುಚ್ಚಿ, ಒಂದು ರಾತ್ರಿ ಗಟ್ಟಿಯಾಗಲು ಬಿಡಬೇಕು. ಹೊರಡುವಾಗ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಡಬ್ಬಿಯ ಸುತ್ತ ಬರ್ಫ ಮತ್ತು ಕಲ್ಲುಪ್ಪು, ಅದೇ ಹಳೆಯ ಸಂಚಾ ಲೆಕ್ಕ. ಬರೀ ಬರ್ಫ ಸೊನ್ನೆ ಡಿಗ್ರಿ, ಅದರಲ್ಲಿ ಐಸ್‌ಕ್ರೀಂ ಕರಗುತ್ತದೆ. ಉಪ್ಪು ಸೇರಿದರೆ ಚೆಂಬೂರ್, ಮುಲುಂಡ್ ತನಕ ಧೈರ್ಯವಾಗಿ ಹೋಗಬಹುದು. ಉಪ್ಪುನೀರು ಒಳಗೆ ಇಳಿಯದಂತೆ ಮುಚ್ಚಳಕ್ಕೆ ಟೇಪ್ ಸುತ್ತಿ. ಒಮ್ಮೆ ಕರಗಿ ನೀರಾದದ್ದನ್ನು ಮತ್ತೆ ಮೆಷಿನಿಗೆ ಹಾಕಿ ಗಟ್ಟಿ ಮಾಡಿ ಬಡಿಸುವುದು ಎಷ್ಟೇ ನಷ್ಟವಾದರೂ ಕೂಡದು. ಸ್ಕೂಪನ್ನು ಒಂದೇ ಲೋಟ ನೀರಿನಲ್ಲಿ ಎರಡು ಗಂಟೆ ಅದ್ದಿ ಇಡುವ ಪದ್ಧತಿಯೂ ಬಿಡಬೇಕು, ಆ ನೀರು ಹಾಲಿನ ನೀರಾಗಿ ಹುಳಿಯುತ್ತದೆ. ಎರಡು ಸ್ಕೂಪ್ ಇಟ್ಟುಕೊಂಡು ನೀರು ಆಗಾಗ ಬದಲಿಸಿ. ರೆಕ್ಕೆಯ ಬುಡದ ರಬ್ಬರ್ ರಿಂಗನ್ನು ಪ್ರತಿ ಸಲ ಬಿಚ್ಚಿ ತೊಳೆದು ಒಣಗಿಸಬೇಕು, ವಾಸನೆ ಹುಟ್ಟುವುದು ಅಲ್ಲಿಂದಲೇ.

ಮೆಷಿನ್ ಕೊಳ್ಳಬೇಕೆಂದಿರುವ ಸದಸ್ಯರು ಅಂಗಡಿಗೆ ಹೋಗುವ ಮೊದಲು ಇಷ್ಟು ಮಾಡಿ. ನಿಮ್ಮ ಹೋಟೆಲಿನ ಡೀಪ್ ಫ್ರೀಜರಿನೊಳಗೆ ಒಂದು ಥರ್ಮಾಮೀಟರ್ ಇಟ್ಟು, ಮಧ್ಯಾಹ್ನ ಹುಡುಗರು ಬಾಗಿಲು ತೆಗೆದು ಹಾಕುವ ಗಲಾಟೆಯ ಹೊತ್ತಿನಲ್ಲಿ ಮೂರು ದಿನ ನೋಡಿ. ಮೈನಸ್ 18ಕ್ಕೆ ನಿಲ್ಲುತ್ತಿದ್ದರೆ ಮುಂದುವರಿಯಿರಿ. ಮೈನಸ್ 10, 12ರಲ್ಲಿ ತೂಗಾಡುತ್ತಿದ್ದರೆ ಎಷ್ಟು ಒಳ್ಳೆಯ ಮೆಷಿನ್ ತಂದರೂ ಐಸ್‌ಕ್ರೀಂ ನಿಲ್ಲುವುದಿಲ್ಲ. ಮೊದಲು ಮೆಕ್ಯಾನಿಕ್ಕನ್ನು ಕರೆದು ಬಾಗಿಲಿನ ರಬ್ಬರ್ ಬದಲಿಸಿ, ಒಳಗೆ ಕಟ್ಟಿದ ಬರ್ಫ ಒಡೆಸಿ, ಆಮೇಲೆ ಮತ್ತೆ ಮೂರು ದಿನ ನೋಡಿ.